ಹಳೇ ತಾಪಮಾನದ ಅಂಕಿಗಳನ್ನು ತಿದ್ದುವ ಹಕ್ಕು ಯಾರಿಗಿದೆ? ತೋಟದ ರಿಜಿಸ್ಟರ್ ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ

ಪಾಲಿಬೆಟ್ಟದ ಬೆಳೆಗಾರ:
ಜಗತ್ತು ಎಷ್ಟು ಬಿಸಿಯಾಗಿದೆ ಅಂತ ಲೆಕ್ಕ ಹಾಕುವ ದೊಡ್ಡ ಸಂಸ್ಥೆಗಳು ಯಾವುವೂ ಹಳೇ ಅಂಕಿಗಳನ್ನು ಇದ್ದ ಹಾಗೇ ಬಳಸುವುದಿಲ್ಲ. ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾ ಆಗಲಿ, ನಾಸಾ ಆಗಲಿ, ಬ್ರಿಟನ್ನಿನ ಹವಾಮಾನ ಕಚೇರಿ ಆಗಲಿ, ತಿದ್ದಿಯೇ ಬಳಸುತ್ತವೆ. ಇದು ಗಾಳಿಸುದ್ದಿಯಲ್ಲ, ಅವರೇ ಬರೆದುಕೊಂಡಿದ್ದಾರೆ. ಅಮೆರಿಕದ ನೆಲದ ಅಂಕಿಗಳನ್ನೇ ತೆಗೆದುಕೊಳ್ಳಿ. ತಿದ್ದಿದ ಮೇಲೆ 1930ರ ದಶಕ ಮೊದಲಿಗಿಂತ ತಂಪಾಗಿ ಕಾಣುತ್ತದೆ. ಏರಿಕೆ ಮೊದಲಿಗಿಂತ ಜಾಸ್ತಿ ಕಾಣುತ್ತದೆ.

ಕೊಡಗಿನ ನಮ್ಮ ಕಾಫಿ ತೋಟದಲ್ಲಿ ತಾತನ ಕಾಲದ ರಿಜಿಸ್ಟರ್‌ಗಳಿವೆ. ಬೆಳಿಗ್ಗೆ ಕೆಲಸದವರ ಹಾಜರಿ ಮುಗಿದ ಮೇಲೆ ರೈಟರ್ (ತೋಟದ ಗುಮಾಸ್ತರು) ರೈನ್‌ಗೇಜ್ ನೋಡಿ ಬರೆಯುತ್ತಿದ್ದರು. ಮಳೆ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಪಕ್ಕದ ಕಲಂನಲ್ಲಿ ಗರಿಷ್ಠ, ಕನಿಷ್ಠ ತಾಪಮಾನ ಫ್ಯಾರನ್‌ಹೀಟ್‌ನಲ್ಲಿ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದ ದಿನಕ್ಕೆ ಕೆಂಪು ಶಾಯಿಯ ಗೆರೆ. ಹವಾಮಾನ ಬದಲಾವಣೆ ಅನ್ನುವ ಮಾತನ್ನೇ ಅವರು ಕೇಳಿರಲಿಲ್ಲ. ಸುಳ್ಳು ಬರೆದು ಅವರಿಗೆ ಆಗಬೇಕಾದ್ದೂ ಏನಿರಲಿಲ್ಲ. ಅಂಥವರು ಬರೆದಿಟ್ಟ ಅಂಕಿಯನ್ನು, ಆ ಜಾಗ ನೋಡಿಯೇ ಇರದ ಯಾರೋ ಕಂಪ್ಯೂಟರ್ ಮುಂದೆ ಕೂತು ಬದಲಾಯಿಸಿದರೆ ಅದನ್ನು ವಿಜ್ಞಾನ ಅಂತ ಒಪ್ಪಬೇಕಾ?

ಸುಮ್ನೆ ವಾದಕ್ಕೆ ಕೇಳುತ್ತಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಂತಿರುವುದೇ ಅಳತೆಯ ಮೇಲೆ. ತೋಟದಲ್ಲಿ ಸುರಿದ ಮಳೆ ಒಂದು, ಪರಿಹಾರಕ್ಕೆ ಹಿಡಿದ ಮಳೆ ಇನ್ನೊಂದು ಆಗಿದ್ದನ್ನು ನಾವು ಅನುಭವಿಸಿದ್ದೇವೆ. ಅಂಕಿ ಯಾರ ಕೈಯಲ್ಲಿದೆ, ಅದನ್ನು ಯಾರು ಮುಟ್ಟಬಹುದು ಅನ್ನುವುದು ನಮಗೆ ದೂರದ ವಿಷಯ ಅಲ್ಲ. ಗೊತ್ತಿರುವವರು ಹೇಳಿ.

ನಾಪೋಕ್ಲು ಕಾಫಿ-ಮೆಣಸು:
ಅಣ್ಣ, ಸರಿಯಾದ ಪ್ರಶ್ನೆ. 2009ರ ನವೆಂಬರ್‌ನಲ್ಲಿ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದ ಈಮೇಲ್‌ಗಳು ಹೊರಗೆ ಬಿದ್ದವಲ್ಲ, ಅದನ್ನು ಇಲ್ಲಿ ನೆನಪಿಸಲೇಬೇಕು. ಮಾಹಿತಿ ಹಕ್ಕಿನಡಿ ಅಂಕಿ ಕೇಳಿದವರಿಗೆ ಕೊಡದೇ ಇರುವುದು ಹೇಗೆ ಅಂತ ಅವರವರಲ್ಲೇ ಮಾತುಕತೆ ನಡೆದಿತ್ತು. ಮೂಲ ಅಂಕಿ ಎಲ್ಲಿ ಅಂದರೆ, 1980ರ ದಶಕದಲ್ಲಿ ಇಟ್ಟುಕೊಳ್ಳಲು ಜಾಗ ಇರಲಿಲ್ಲ, ಕೆಲವು ಕೇಂದ್ರಗಳದ್ದು ತಿದ್ದಿದ್ದು ಮಾತ್ರ ಉಳಿದಿದೆ ಅಂದರು.

ಇನ್ನೊಂದಿದೆ. ವಿಶ್ವ ಹವಾಮಾನ ಸಂಸ್ಥೆಯ 1999ರ ವರದಿಯ ಮುಖಪುಟಕ್ಕೆ ಆ ಘಟಕದವರೇ ಒಂದು ಚಿತ್ರ ಕೊಟ್ಟಿದ್ದರು. ಮರದ ಉಂಗುರಗಳಿಂದ ತಾಪಮಾನ ಲೆಕ್ಕ ಹಾಕಿದ ಒಂದು ಗೆರೆ 1960ರ ನಂತರ ಕೆಳಗೆ ಇಳಿಯುತ್ತಿತ್ತು. ಆ ಭಾಗ ತೆಗೆದು ಥರ್ಮಾಮೀಟರ್ ಅಂಕಿ ಜೋಡಿಸಿದರು. ಜೋಡಿಸಿದ್ದೇವೆ ಅಂತ ಚಿತ್ರದಲ್ಲಿ ಹೇಳಲಿಲ್ಲ. ಇಷ್ಟೆಲ್ಲ ಆದ ಮೇಲೆ ನಂಬಿ ಅಂದರೆ ಹೇಗೆ?

ಮಡಿಕೇರಿ ಫಿಸಿಕ್ಸ್ ಮೇಡಂ:
ಬೆಳೆಗಾರರೇ, ಉತ್ತರ ಹೇಳುವ ಮೊದಲು ಸ್ವಲ್ಪ ಕೇಳಬೇಕು. ಆ ಥರ್ಮಾಮೀಟರ್ ಯಾವ ತರಹದ್ದು? ಎಲ್ಲಿ ನೇತು ಹಾಕಿದ್ದರು? ಶುರುವಿನಿಂದ ಕೊನೆಯವರೆಗೆ ಅದೇ ಜಾಗದಲ್ಲಿತ್ತಾ? ದಿನದ ಯಾವ ಹೊತ್ತಿಗೆ ನೋಡುತ್ತಿದ್ದರು?

ಪಾಲಿಬೆಟ್ಟದ ಬೆಳೆಗಾರ:
ಯು ಆಕಾರದ ಗಾಜಿನ ಕೊಳವೆ ಮೇಡಂ. ಎರಡೂ ಕಡೆ ಸಣ್ಣ ಕಡ್ಡಿ ಇರುತ್ತದೆ. ನೋಡಿ ಬರೆದ ಮೇಲೆ ಆಯಸ್ಕಾಂತದಿಂದ ಅದನ್ನು ಕೆಳಗೆ ಎಳೆಯಬೇಕು. ಮೊದಲು ಗುಡ್ಡದ ಮೇಲಿನ ಬಂಗಲೆಯ ವರಾಂಡದಲ್ಲಿತ್ತು. ಆಮೇಲೆ ಕೆಳಗೆ ಕಣದ ಹತ್ತಿರದ ಆಫೀಸಿಗೆ ಬಂತು. ಯಾವ ವರ್ಷ ಅಂತ ಬರೆದಿಲ್ಲ. ಬಂಗಲೆಯಲ್ಲಿದ್ದಾಗ ಸಂಜೆ ಕೆಲಸ ಬಿಟ್ಟ ಮೇಲೆ ನೋಡುತ್ತಿದ್ದರು. ಆಫೀಸಿಗೆ ಬಂದ ಮೇಲೆ ಬೆಳಿಗ್ಗೆ ಮಳೆಯ ಜೊತೆಗೇ ನೋಡುವುದು ರೂಢಿಯಾಯಿತು ಅಂತ ಅಪ್ಪ ಹೇಳುತ್ತಾರೆ.

ಮಡಿಕೇರಿ ಫಿಸಿಕ್ಸ್ ಮೇಡಂ:
ಹಾಗಾದರೆ ನೀವು ಕೇಳಿದ ಪ್ರಶ್ನೆಗೆ ನಿಮ್ಮ ರಿಜಿಸ್ಟರ್‌ನಲ್ಲೇ ಉತ್ತರ ಇದೆ.

ಮೊದಲು ಜಾಗ. ಎತ್ತರ ಸಾವಿರ ಮೀಟರ್ ಹೆಚ್ಚಾದರೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬಂಗಲೆಗೂ ಕಣಕ್ಕೂ ನೂರು ಮೀಟರ್ ವ್ಯತ್ಯಾಸ ಇದ್ದರೆ 0.65 ಡಿಗ್ರಿ. ಈಗ ಇನ್ನೊಂದು ಅಂಕಿ ಪಕ್ಕದಲ್ಲಿಡಿ. 1901ರಿಂದ 2018ರವರೆಗೆ ಇಡೀ ಭಾರತದ ಸರಾಸರಿ ತಾಪಮಾನ ಏರಿದ್ದು ಸುಮಾರು 0.7 ಡಿಗ್ರಿ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಲ್ಲಿ ಇದಿದೆ. ಅಂದರೆ ದೇಶಕ್ಕೆ ನೂರು ವರ್ಷಕ್ಕೂ ಜಾಸ್ತಿ ಹಿಡಿದ ಏರಿಕೆ ನಿಮ್ಮ ರಿಜಿಸ್ಟರ್‌ನಲ್ಲಿ ಒಂದೇ ದಿನದಲ್ಲಿ ಆಗಿಬಿಡುತ್ತದೆ, ಗುಡ್ಡದಿಂದ ಥರ್ಮಾಮೀಟರ್ ಇಳಿಸಿದ ದಿನ. ಅದನ್ನು ತಿದ್ದದೇ ಹಾಗೇ ಗೆರೆ ಎಳೆದರೆ ನಾನೇ ನಿಮ್ಮ ಮೇಲೆ ಸಿಟ್ಟಾಗುತ್ತೇನೆ.

ಅದರಲ್ಲೂ ಕೊಡಗಿನಲ್ಲಿ ಇದು ಇಷ್ಟಕ್ಕೇ ಮುಗಿಯುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ಗದ್ದೆ ಬಯಲಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಗುಡ್ಡಕ್ಕಿಂತ ಗದ್ದೆಯೇ ಹೆಚ್ಚು ಚಳಿ. ಹಾಗಾಗಿ ಕೆಳಗೆ ತಂದ ಮೇಲೆ ಹಗಲಿನ ಗರಿಷ್ಠ ಏರಬಹುದು, ಚಳಿಗಾಲದ ಕನಿಷ್ಠ ಇಳಿಯಬಹುದು. ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದೇ ಅಂಕಿಯನ್ನು ಎಲ್ಲದರಿಂದ ಕಳೆದರೆ ಆ ತಿದ್ದುಪಡಿಯೇ ತಪ್ಪು.

ಆಮೇಲೆ ಹೊತ್ತು. ಸಂಜೆ 5 ಗಂಟೆಗೆ ನೋಡಿ ಕಡ್ಡಿ ಇಳಿಸಿದಿರಿ ಅಂತಿಟ್ಟುಕೊಳ್ಳಿ. ಆಗ ಇನ್ನೂ 88 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿದೆ. ಮರುದಿನ ಮೋಡ ಕವಿದು 80 ದಾಟಲೇ ಇಲ್ಲ. ಆದರೂ ಕಡ್ಡಿ ನಿಲ್ಲುವುದು ಹಿಂದಿನ ಸಂಜೆಯ 88ರಲ್ಲೇ. ಒಂದು ಬಿಸಿ ದಿನ ಎರಡು ಸಲ ಲೆಕ್ಕಕ್ಕೆ ಬಂತು. ಬೆಳಿಗ್ಗೆ ನೋಡುವವರಿಗೆ ಇದೇ ರೀತಿ ಚಳಿ ಎರಡು ಸಲ ಬರುತ್ತದೆ. ಅಮೆರಿಕದಲ್ಲಿ ಆಗಿದ್ದೂ ಇದೇ. ಅಲ್ಲಿ ಅಳತೆ ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಮೊದಲು ಸಂಜೆ ನೋಡುತ್ತಿದ್ದವರು ದಶಕಗಳು ಕಳೆದಂತೆ ಬೆಳಿಗ್ಗೆಗೆ ಬದಲಾದರು. ಹಳೇ ಅಂಕಿ ನಿಜಕ್ಕಿಂತ ಸ್ವಲ್ಪ ಬಿಸಿ, ಹೊಸದು ಸ್ವಲ್ಪ ತಂಪು. ಅದನ್ನು ಸರಿ ಮಾಡಿದರೆ 1930ರ ದಶಕ ತಂಪಾಗಲೇಬೇಕು. ನೀವು ಕಂಡ ತಿದ್ದುಪಡಿಯ ದೊಡ್ಡ ಪಾಲು ಇದು.

ನಿಮ್ಮ ಯು ಕೊಳವೆಗೂ ಒಂದು ಇತಿಹಾಸ ಇದೆ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರಲ್ಲಿ 58 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 90 ವರ್ಷ ಅದೇ ಜಗತ್ತಿನ ದಾಖಲೆ. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ರದ್ದು ಮಾಡಿತು. ಅಲ್ಲಿ ಇದ್ದದ್ದು ಇದೇ ತರಹದ ಕೊಳವೆ. ಹೊಸಬರೊಬ್ಬರು ಕಡ್ಡಿಯ ತಪ್ಪು ತುದಿಯನ್ನು ನೋಡಿ ಬರೆದಿರಬೇಕು, ಸುಮಾರು 7 ಡಿಗ್ರಿ ಹೆಚ್ಚಾಗಿದೆ ಅಂತ ತನಿಖೆ ಮಾಡಿದವರು ತೀರ್ಮಾನಿಸಿದರು. ಬರೆದವರು ಪ್ರಾಮಾಣಿಕರೇ. ಆದರೂ ಅಂಕಿ ತಪ್ಪಿತ್ತು.

ಸೋಮವಾರಪೇಟೆ ಏಲಕ್ಕಿ:
ಮೇಡಂ ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ಜಾಗ ಬದಲಾದದ್ದು ಗೊತ್ತಿದ್ದರೆ ತಿದ್ದಲಿ. ಆದರೆ ಎಷ್ಟೋ ಕಡೆ ಜಾಗ ಬದಲಾದ ದಾಖಲೆಯೇ ಇಲ್ಲ. ಅಲ್ಲಿ ಅಕ್ಕಪಕ್ಕದ ಕೇಂದ್ರಗಳ ಜೊತೆ ಹೋಲಿಸಿ, ಇದ್ದಕ್ಕಿದ್ದ ಹಾಗೆ ಜಿಗಿತ ಕಂಡರೆ ಕಂಪ್ಯೂಟರೇ ಸರಿಮಾಡುತ್ತದೆ. ನನ್ನ ಭಯ ಇರುವುದು ಇಲ್ಲಿ. ಅಕ್ಕಪಕ್ಕದ ಕೇಂದ್ರಗಳೆಲ್ಲ ಬೆಳೆಯುತ್ತಿರುವ ಪಟ್ಟಣದಲ್ಲಿವೆ. ಸುತ್ತ ಕಾಂಕ್ರೀಟು, ಡಾಂಬರು. ಕಾಡಂಚಿನಲ್ಲಿ ಒಂದೇ ಒಂದು ಒಳ್ಳೆ ಕೇಂದ್ರ ಇದೆ. ಆಗ ಒಳ್ಳೆಯದನ್ನು ಕೆಟ್ಟದ್ದರ ಕಡೆಗೆ ಎಳೆದ ಹಾಗಾಗುವುದಿಲ್ಲವಾ?

ನಮ್ಮ ದೇಶದ ಅಂಕಿ ಬಗ್ಗೆಯೂ ಒಂದು ಮಾತು. ಭಾರತೀಯ ಹವಾಮಾನ ಇಲಾಖೆ ತಾಪಮಾನವನ್ನು ಚೌಕಗಳಾಗಿ ಹಂಚಿ ಉಚಿತವಾಗಿ ಕೊಡುತ್ತದೆ. ಒಂದು ಚೌಕ ಅಂದರೆ ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲ. ಹೆಚ್ಚು ಕಡಿಮೆ 110 ಕಿಲೋಮೀಟರ್ ಒಂದೊಂದು ಕಡೆ. ಇಡೀ ಕೊಡಗು 4,102 ಚದರ ಕಿಲೋಮೀಟರ್. ಅಂದರೆ ಒಂದು ಚೌಕದ ಮೂರನೇ ಒಂದು ಭಾಗ. ಬ್ರಹ್ಮಗಿರಿಯ ಬೆಟ್ಟವನ್ನು ಬಯಲುಸೀಮೆಯ ಜೊತೆ, ಕೇರಳದ ತಗ್ಗಿನ ಜೊತೆ ಸೇರಿಸಿ ಸರಾಸರಿ ಮಾಡಿದ ಅಂಕಿ ಅದು. ಅದನ್ನು ಹಿಡಿದು "ಮಡಿಕೇರಿ ಇಷ್ಟು ಬಿಸಿಯಾಯಿತು" ಅಂತ ಬರೆಯುವುದು ಸರಿಯಲ್ಲ.

ವಿರಾಜಪೇಟೆಯವ, ಈಗ ಬೆಂಗಳೂರು:
ಚೌಕದ ವಿಷಯದಲ್ಲಿ ಸೋಮವಾರಪೇಟೆ ಅಣ್ಣನ ಮಾತು ಪೂರ್ತಿ ಸರಿ. ದೇಶದ ಸರಾಸರಿಗೆ ಆ ಅಂಕಿ ಸಾಕು, ಒಂದು ಹೋಬಳಿಗೆ ಸಾಲದು.

ಪಕ್ಕದವರ ಕಡೆಗೆ ಎಳೆಯುವ ಭಯಕ್ಕೂ ಆಧಾರ ಇದೆ. ಅದನ್ನು ಪರೀಕ್ಷೆ ಮಾಡಿದ ರೀತಿ ಹೇಳುತ್ತೇನೆ. ಅಮೆರಿಕದಲ್ಲಿ ಇದೇ ತಕರಾರು ಜೋರಾಗಿತ್ತು. ಎಸಿ ಯಂತ್ರದ ಪಕ್ಕ, ಪಾರ್ಕಿಂಗ್ ಜಾಗದ ಪಕ್ಕ ಇದ್ದ ಕೇಂದ್ರಗಳ ಫೋಟೋ ತೆಗೆದು ಜನ ಪ್ರಶ್ನೆ ಮಾಡಿದರು. ಆ ಹೊತ್ತಿಗಾಗಲೇ ಊರಿನಿಂದ ದೂರದ ನೂರಕ್ಕೂ ಹೆಚ್ಚು ಕಡೆ ಹೊಸ ಕೇಂದ್ರಗಳ ಜಾಲ ಏಳುತ್ತಿತ್ತು. ಒಂದೊಂದರಲ್ಲೂ ಮೂರು ಥರ್ಮಾಮೀಟರ್, ಒಂದು ಕೆಟ್ಟರೆ ಉಳಿದೆರಡು ಹಿಡಿದುಕೊಡುತ್ತವೆ. ಅದರ ಅಂಕಿಗಳಿಗೆ ತಿದ್ದುಪಡಿಯೇ ಬೇಡ. 2005ರಿಂದ ಈಚೆಗೆ ಆ ಜಾಲದ ಗೆರೆಯನ್ನು ಹಳೇ ಕೇಂದ್ರಗಳ ತಿದ್ದಿದ ಗೆರೆಯ ಜೊತೆ ಇಟ್ಟು ನೋಡಿದರೆ ಎರಡೂ ಒಟ್ಟೊಟ್ಟಿಗೇ ಹೋಗುತ್ತವೆ. ಇದು ಈಚಿನ ವರ್ಷಗಳಿಗೆ ಮಾತ್ರ ಪುರಾವೆ, 1930ಕ್ಕಲ್ಲ. ಅದನ್ನೂ ಹೇಳಬೇಕು.

ಇನ್ನೊಂದು ಪ್ರಯತ್ನ ಅಮೆರಿಕದ ಬರ್ಕ್‌ಲಿಯದ್ದು. ರಿಚರ್ಡ್ ಮುಲ್ಲರ್ ಅನ್ನುವ ಭೌತವಿಜ್ಞಾನಿಗೆ ಈ ತಿದ್ದುಪಡಿಗಳ ಮೇಲೆ ಅನುಮಾನ ಇತ್ತು. 2010ರಲ್ಲಿ ತಂಡ ಕಟ್ಟಿದರು. ಹಣ ಕೊಟ್ಟವರಲ್ಲಿ ಕೋಕ್ ಪ್ರತಿಷ್ಠಾನವೂ ಇತ್ತು. ಎಣ್ಣೆ ಉದ್ಯಮದ ಕುಟುಂಬ ಅದು. ಅವರು ತಿದ್ದುವ ಬದಲು ಕತ್ತರಿಸಿದರು. ಬೆಳೆಗಾರರ ರಿಜಿಸ್ಟರ್ ಅವರ ಕೈಗೆ ಸಿಕ್ಕಿದ್ದರೆ ಬಂಗಲೆಯ ಕಾಲದ್ದು ಒಂದು ಕೇಂದ್ರ, ಆಫೀಸಿನ ಕಾಲದ್ದು ಇನ್ನೊಂದು ಕೇಂದ್ರ ಅಂತ ಎರಡಾಗಿ ಬರೆದುಕೊಳ್ಳುತ್ತಿದ್ದರು. ಊರಿನಿಂದ ದೂರದ ಕೇಂದ್ರಗಳನ್ನು ಮಾತ್ರ ಇಟ್ಟುಕೊಂಡೂ ಲೆಕ್ಕ ಹಾಕಿದರು. 2011ರಲ್ಲಿ ಬಂದ ಫಲಿತಾಂಶ ಹಳೇ ಸಂಸ್ಥೆಗಳು ಹೇಳುತ್ತಿದ್ದ ಏರಿಕೆಯನ್ನೇ ತೋರಿಸಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಸಮುದ್ರದ ಅಂಕಿ. ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಭೂಮಿಯ ಮುಕ್ಕಾಲು ಪಾಲು ಹತ್ತಿರ ಹತ್ತಿರ ಸಮುದ್ರವೇ. ಹಿಂದೆ ಹಡಗಿನವರು ಬಕೆಟ್ ಇಳಿಸಿ ನೀರೆತ್ತಿ ಥರ್ಮಾಮೀಟರ್ ಅದ್ದುತ್ತಿದ್ದರು. ಕ್ಯಾನ್ವಾಸ್ ಬಕೆಟ್ ಮೇಲೆತ್ತುವಷ್ಟರಲ್ಲಿ ಗಾಳಿಗೆ ನೀರು ಆರಿ ತಣ್ಣಗಾಗುತ್ತದೆ. ಆಮೇಲೆ ಎಂಜಿನ್ ತಂಪು ಮಾಡಲು ಒಳಗೆ ಎಳೆದ ನೀರನ್ನು ಅಳೆದರು. ಅದು ಸ್ವಲ್ಪ ಬಿಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಕಿ ಹೆಚ್ಚಾಗಿ ಅಮೆರಿಕದ ಹಡಗುಗಳಿಂದ ಬಂತು, ಎಂಜಿನ್ ನೀರಿನದ್ದು. 1945ರಲ್ಲಿ ಯುದ್ಧ ಮುಗಿದು ಬ್ರಿಟಿಷ್ ಹಡಗುಗಳ ಬಕೆಟ್ ಅಂಕಿ ಮತ್ತೆ ಸೇರಿತು. ಜಗತ್ತಿನ ಸರಾಸರಿ ಏಕಾಏಕಿ ಸುಮಾರು 0.3 ಡಿಗ್ರಿ ಬಿತ್ತು. ಭೂಮಿ ತಣ್ಣಗಾಗಿರಲಿಲ್ಲ, ಅಳೆಯುವವರು ಬದಲಾಗಿದ್ದರು. ಇದು ಸ್ಪಷ್ಟವಾಗಿ ಗೊತ್ತಾಗಿದ್ದು 2008ರಲ್ಲಿ.

ಬಕೆಟ್ ಕಾಲದ ಅಂಕಿ ನಿಜಕ್ಕಿಂತ ತಂಪಾಗಿದ್ದರಿಂದ ತಿದ್ದಿದಾಗ ಹಳೇ ಸಮುದ್ರ ಬಿಸಿಯಾಯಿತು. ಏರಿಕೆ ಕಮ್ಮಿಯಾಯಿತು. ನೆಲ, ಸಮುದ್ರ ಎರಡನ್ನೂ ಸೇರಿಸಿ ನೋಡಿದರೆ, ಎಲ್ಲ ತಿದ್ದುಪಡಿಗಳ ಒಟ್ಟು ಪರಿಣಾಮ ನೂರಕ್ಕೂ ಹೆಚ್ಚು ವರ್ಷಗಳ ಏರಿಕೆಯನ್ನು ಕಮ್ಮಿ ಮಾಡುವ ಕಡೆಗೇ ಇದೆ. ಏನೂ ತಿದ್ದದೇ ಮೂಲ ಅಂಕಿಯನ್ನೇ ಬಳಸಿದ್ದರೆ ಜಗತ್ತು ಈಗ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಯಾದಂತೆ ಕಾಣುತ್ತಿತ್ತು. ಬಿಸಿ ತೋರಿಸಬೇಕು ಅಂತಲೇ ತಿದ್ದುವವರು ಹೀಗೆ ಮಾಡುತ್ತಾರಾ?

ನಾಪೋಕ್ಲು ಕಾಫಿ-ಮೆಣಸು:
ಸಮುದ್ರದ ವಿಷಯ ಹೊಸದು, ಓದುತ್ತೇನೆ. ಆದರೆ ಉಪಗ್ರಹದ ಅಂಕಿ ಇದೆಯಲ್ಲ? ಅದರಲ್ಲಿ ಎಸಿ ಇಲ್ಲ, ಬಕೆಟ್ ಇಲ್ಲ. ಅದರಲ್ಲಿ ಏರಿಕೆ ಕಮ್ಮಿ ಅಂತ ಕೇಳಿದ್ದೇನೆ.

ಮಡಿಕೇರಿ ಫಿಸಿಕ್ಸ್ ಮೇಡಂ:
ಉಪಗ್ರಹದ ಅಂಕಿಗೂ ತಿದ್ದುಪಡಿ ಬೇಕು, ಇನ್ನೂ ಜಾಸ್ತಿಯೇ ಬೇಕು. ಉಪಗ್ರಹ ಥರ್ಮಾಮೀಟರ್ ಅಲ್ಲ. ಗಾಳಿಯ ಆಮ್ಲಜನಕ ಹೊರಸೂಸುವ ಮೈಕ್ರೋವೇವ್ ಅಳೆದು ಲೆಕ್ಕ ಹಾಕುವುದು. 1978ರ ಕೊನೆಯಿಂದ ಅಂಕಿ ಇದೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಸ್ಪೆನ್ಸರ್, ಕ್ರಿಸ್ಟಿ ಮೊದಲು ಏರಿಕೆ ಕಾಣುತ್ತಿಲ್ಲ ಅಂದಿದ್ದರು. ಉಪಗ್ರಹ ಮೆಲ್ಲಗೆ ಕೆಳಗಿಳಿಯುತ್ತಿರುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಂತ 1998ರಲ್ಲಿ ಬೇರೆಯವರು ತೋರಿಸಿದರು. ಅದು ಹಾದುಹೋಗುವ ಹೊತ್ತು ಸರಿಯುವುದಕ್ಕೆ ಮಾಡಿದ್ದ ತಿದ್ದುಪಡಿಯೂ ತಪ್ಪು ಅಂತ 2005ರಲ್ಲಿ ಗೊತ್ತಾಯಿತು. ಎರಡೂ ಸಲ ಸರಿಮಾಡಿದ ಮೇಲೆ ಏರಿಕೆ ಹೆಚ್ಚಾಯಿತು. ಈಗ ಅವರ ಅಂಕಿಯಲ್ಲೂ ಏರಿಕೆ ಸ್ಪಷ್ಟ.

ಕುಶಾಲನಗರದ ಅಕೌಂಟೆಂಟ್:
ಲೆಕ್ಕ ಬರೆಯುವವನಾಗಿ ನನ್ನ ಮಾತು. ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಬದಲಾಗಿದ್ದಕ್ಕೆ ಮ್ಯುಟೇಶನ್ ನಂಬರ್ ಇರುತ್ತದೆ, ಕಾರಣ ಇರುತ್ತದೆ, ಹಳೇ ಪಹಣಿ ಬೇಕಾದರೆ ತೆಗೆಸಬಹುದು. ಜಮ್ಮಾ ಬಾಣೆ (ಕೊಡಗಿನ ಹಳೇ ಭೂ ಹಿಡುವಳಿ) ವ್ಯವಹಾರ ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಪಮಾನಕ್ಕೂ ಇಷ್ಟೇ ಸಾಕು. ತಿದ್ದಿ, ಆದರೆ ಮೂಲ ಉಳಿಸಿ, ಕಾರಣ ಬರೆಯಿರಿ, ಕೇಳಿದವರಿಗೆ ಕೊಡಿ.

ನಾಪೋಕ್ಲು ಅಣ್ಣ ಹೇಳಿದ ಈಮೇಲ್ ಪ್ರಕರಣದಲ್ಲಿ ತಪ್ಪು ನಡೆದಿದ್ದು ಇಲ್ಲೇ. 2010ರಲ್ಲಿ ಮ್ಯೂರ್ ರಸೆಲ್ ತನಿಖೆಯ ವರದಿ ಬಂತು. ವಿಜ್ಞಾನಿಗಳ ಪ್ರಾಮಾಣಿಕತೆ ಬಗ್ಗೆ ಅನುಮಾನ ಇಲ್ಲ ಅಂದಿತು. ಅದರ ಜೊತೆಗೇ, ಅಂಕಿ ಹಂಚಿಕೊಳ್ಳುವುದರಲ್ಲಿ ಮುಕ್ತವಾಗಿ ನಡೆದುಕೊಳ್ಳಲಿಲ್ಲ ಅಂತಲೂ ಹೇಳಿತು. ಆ 1999ರ ಚಿತ್ರ ದಾರಿ ತಪ್ಪಿಸುವಂಥದ್ದು ಅಂತಲೂ ಹೇಳಿತು. ಎರಡೂ ಒಂದೇ ವರದಿಯಲ್ಲಿವೆ. ಒಂದು ಕಡೆಯವರು ಮೊದಲನೇ ಮಾತು ಹಿಡಿದುಕೊಂಡರು, ಇನ್ನೊಂದು ಕಡೆಯವರು ಎರಡನೇದು. ತನಿಖಾ ತಂಡ ಇನ್ನೊಂದು ಕೆಲಸವನ್ನೂ ಮಾಡಿತ್ತು. ಎಲ್ಲರಿಗೂ ಸಿಗುವ ಮೂಲ ಅಂಕಿ ತೆಗೆದುಕೊಂಡು, ಎರಡು ದಿನದೊಳಗೆ ಸ್ವಂತ ಪ್ರೋಗ್ರಾಂ ಬರೆದು ಲೆಕ್ಕ ಹಾಕಿತು. ಅದೇ ಏರಿಕೆ ಬಂತು. ಹಾಗಿದ್ದ ಮೇಲೆ ವರ್ಷಗಟ್ಟಲೆ ಅಂಕಿ ಮುಚ್ಚಿಟ್ಟುಕೊಂಡಿದ್ದರಿಂದ ಏನು ಸಿಕ್ಕಿತು? 2011ರ ಜುಲೈನಲ್ಲಿ ಪೋಲೆಂಡಿನದ್ದು ಬಿಟ್ಟು ಉಳಿದ ಅಂಕಿ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಜನರ ನಂಬಿಕೆಗೆ ಪೆಟ್ಟು ಬಿದ್ದಾಗಿತ್ತು. ನನಗೆ ಈಗಲೂ ಇದರ ಬಗ್ಗೆ ಬೇಸರ ಇದೆ.

ನಮ್ಮವರೇ ಇದನ್ನು ಚೆನ್ನಾಗಿ ಮಾಡಿದ್ದೂ ಇದೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ಸುದ್ದಿಯಾಯಿತು. ಅದೇ ದಿನ ದೆಹಲಿಯ ಮುಖ್ಯ ಕೇಂದ್ರ ಸಫ್ದರ್‌ಜಂಗ್‌ನಲ್ಲಿ 46.8. ಹವಾಮಾನ ಇಲಾಖೆ ತಂಡ ಕಳಿಸಿ ಪರೀಕ್ಷೆ ಮಾಡಿತು. ಸೆನ್ಸರ್ 3 ಡಿಗ್ರಿ ಜಾಸ್ತಿ ತೋರಿಸುತ್ತಿದೆ ಅಂತ ಬಹಿರಂಗವಾಗಿ ಹೇಳಿತು. ದೊಡ್ಡ ಸುದ್ದಿ ಕೈಯಲ್ಲಿದ್ದಾಗಲೂ ಅದನ್ನು ಬಿಟ್ಟುಕೊಟ್ಟರು.

ಪೊನ್ನಂಪೇಟೆ ಫಾರೆಸ್ಟ್ರಿ:
ಬೆಳೆಗಾರ ಅಂಕಲ್, ಒಂದು ವಿಷಯ ಸೇರಿಸಲಾ? ಥರ್ಮಾಮೀಟರ್ ಅಲ್ಲಾಡದಿದ್ದರೂ ಅದರ ಸುತ್ತಲಿನ ಜಾಗ ಬದಲಾಗುತ್ತದೆ. ಮರಗಸಿ ಮಾಡಿದ (ನೆರಳುಮರದ ಕೊಂಬೆ ಕಡಿದ) ವರ್ಷ ಬಿಸಿಲು ಜಾಸ್ತಿ ಬೀಳುತ್ತದೆ. ಕಾಡುಮರ ಹೋಗಿ ಸಿಲ್ವರ್ ಓಕ್ ಬಂದರೆ ನೆರಳೇ ಬೇರೆ. ಇದು ಜಗತ್ತಿನ ಬಿಸಿ ಅಲ್ಲ. ಹಾಗಂತ ಸುಳ್ಳು ಬಿಸಿಯೂ ಅಲ್ಲ, ಅರೇಬಿಕಾ ಗಿಡಕ್ಕೆ ತಟ್ಟುವುದು ಇದೇ. ಬಿಸಿಲು ಜಾಸ್ತಿ ಬಿದ್ದ ತೋಟದಲ್ಲಿ ಬಿಳಿ ಕಾಂಡಕೊರಕ ಹುಳು ಹೆಚ್ಚು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಜಗತ್ತಿನ ಲೆಕ್ಕಕ್ಕೆ ತಿದ್ದಿದ ಅಂಕಿ ಬೇಕು, ತೋಟದ ಲೆಕ್ಕಕ್ಕೆ ತಿದ್ದದ ಅಂಕಿ ಬೇಕು. ಎರಡನ್ನೂ ಇಟ್ಟುಕೊಳ್ಳಿ.

ಭಾಗಮಂಡಲ ಹೊಳೆಬದಿ:
ನಮ್ಮ ಕಡೆ ತಾಪಮಾನಕ್ಕಿಂತ ಮಳೆಯದ್ದೇ ಚಿಂತೆ. 2018ರ ಆಗಸ್ಟ್, 2019, ಆಮೇಲೆ 2020ರಲ್ಲಿ ಬ್ರಹ್ಮಗಿರಿ ಜಾರಿದ್ದು. ಮಳೆ ಅಂಕಿಯಲ್ಲೂ ಹೀಗೆ ಗೊಂದಲ ಇದೆಯಾ ಮೇಡಂ? ನಾವು ಬರೆದದ್ದಕ್ಕೂ ಪೇಪರ್‌ನಲ್ಲಿ ಬಂದದ್ದಕ್ಕೂ ಒಂದು ದಿನ ಹಿಂದೆ ಮುಂದೆ ಆಗಿರುತ್ತದೆ.

ಮಡಿಕೇರಿ ಫಿಸಿಕ್ಸ್ ಮೇಡಂ:
ಇದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಇಂದು ಬೆಳಿಗ್ಗೆ ಅಳೆದ ಮಳೆ ಇಂದಿನ ತಾರೀಖಿಗೆ ಬರುತ್ತದೆ. ತೋಟಗಳಲ್ಲಿ ಕೆಲವರು ಅದನ್ನು ನಿನ್ನೆಯ ಸಾಲಿಗೆ ಬರೆಯುತ್ತಾರೆ. ತಿಂಗಳ ಒಟ್ಟು ಮಳೆಗೆ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ ಗುಡ್ಡ ಜಾರಿದ ದಿನದ ಮಳೆ ಎಷ್ಟು ಅಂತ ಹುಡುಕುವಾಗ ಒಂದು ದಿನ ಆಚೀಚೆ ಆದರೆ ಇಡೀ ಲೆಕ್ಕ ಕೆಡುತ್ತದೆ. ನಿಮ್ಮ ಪುಸ್ತಕದಲ್ಲಿ ಯಾವ ಪದ್ಧತಿ ಅಂತ ಮೊದಲ ಪುಟದಲ್ಲೇ ಬರೆದಿಡಿ.

ಪಾಲಿಬೆಟ್ಟದ ಬೆಳೆಗಾರ:
ಎಲ್ಲರಿಗೂ ವಂದನೆ. ನನ್ನ ಪ್ರಶ್ನೆ ಈಗ ಸ್ವಲ್ಪ ಬೇರೆ ಆಗಿದೆ. ತಿದ್ದಬಾರದು ಅಂತ ಹೇಳುವುದಿಲ್ಲ. ಸಮುದ್ರದ ಲೆಕ್ಕ ನೋಡಿದ ಮೇಲೆ ಬೇಕಂತಲೇ ಬಿಸಿ ಹೆಚ್ಚಿಸುತ್ತಾರೆ ಅನ್ನುವ ಮಾತೂ ನಿಲ್ಲುವುದಿಲ್ಲ. ಆದರೆ ಒಂದು ಬೇಡಿಕೆ ಬಿಡುವುದಿಲ್ಲ. ಮಡಿಕೇರಿಯ ವೀಕ್ಷಣಾಲಯದ ಅಂಕಿ ಬಳಸಿ ಯಾರಾದರೂ ಕೊಡಗಿನ ಬಗ್ಗೆ ಬರೆದರೆ, ಆ ಕೇಂದ್ರ ಎಲ್ಲೆಲ್ಲಿತ್ತು, ಉಪಕರಣ ಯಾವಾಗ ಬದಲಾಯಿತು, ಸುತ್ತ ಕಟ್ಟಡ ಯಾವಾಗ ಎದ್ದಿತು ಅನ್ನುವುದನ್ನೂ ಪಕ್ಕದಲ್ಲೇ ಕೊಡಬೇಕು. ಸೋಮವಾರಪೇಟೆಯವರ ಭಯ ಬೆಟ್ಟದ ಜಿಲ್ಲೆಗೆ ಇನ್ನೂ ಹಾಗೇ ಉಳಿದಿದೆ. ಅಮೆರಿಕದ ಜಾಲ ಅಮೆರಿಕದ್ದು, ಇಲ್ಲಿನದ್ದಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಬಂದ ಉತ್ತರವನ್ನು ಇಲ್ಲೇ ಹಾಕುತ್ತೇನೆ.

ಥರ್ಮಾಮೀಟರ್ ಕೆಳಗೆ ತಂದ ವರ್ಷವನ್ನೂ ಹುಡುಕುತ್ತೇನೆ. ಹಳೇ ರೈಟರ್ ಮಗ ಈಗ ಸಿದ್ದಾಪುರದಲ್ಲಿದ್ದಾರೆ, ಅವರಿಗೆ ನೆನಪಿರಬಹುದು.

ಸೋಮವಾರಪೇಟೆ ಏಲಕ್ಕಿ:
ನಮ್ಮ ಮನೆಯಲ್ಲೂ ಪುಸ್ತಕಗಳಿವೆ. ನಡುವೆ ಕೆಲವು ತಿಂಗಳು ಖಾಲಿ. ಪಕ್ಕದ ತೋಟದ ಅಂಕಿ ತುಂಬಬಹುದಾ? ಇಂಚು, ಸೆಂಟ್‌ ಇರುವುದನ್ನು ಮಿಲಿಮೀಟರ್ ಮಾಡಬೇಕಾ?

ಮಡಿಕೇರಿ ಫಿಸಿಕ್ಸ್ ಮೇಡಂ:
ಖಾಲಿ ಇದ್ದರೆ ಖಾಲಿಯೇ ಬಿಡಿ. ಪಕ್ಕದ ತೋಟದ್ದು ಬೇಕಿದ್ದರೆ ಬೇರೆ ಕಲಂನಲ್ಲಿ, ಯಾವ ತೋಟ ಅಂತ ಬರೆದು ಹಾಕಿ. ಮೊದಲ ಕಲಂನಲ್ಲಿ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ, ಇಂಚು, ಸೆಂಟ್, ಫ್ಯಾರನ್‌ಹೀಟ್ ಎಲ್ಲ. ಓದಲು ಆಗದಿದ್ದರೆ ಆಗಲಿಲ್ಲ ಅಂತ ಬರೆಯಿರಿ. ಪಕ್ಕದ ಕಲಂನಲ್ಲಿ ಇಂಚನ್ನು 25.4ರಿಂದ ಗುಣಿಸಿ. ಎಲ್ಲಕ್ಕಿಂತ ಮೊದಲು ಪುಟಗಳ ಫೋಟೋ ತೆಗೆಯಿರಿ, ನಮ್ಮ ಮಳೆಗಾಲಕ್ಕೆ ಕಾಗದ ಬಾಳುವುದಿಲ್ಲ.

ನಾಪೋಕ್ಲು ಕಾಫಿ-ಮೆಣಸು:
ನನ್ನ ಹತ್ತಿರ ಸ್ಕ್ಯಾನರ್ ಇದೆ. ಕಕ್ಕಡ (ಜುಲೈ ಮಧ್ಯಕ್ಕೆ ಬರುವ ಜೋರು ಮಳೆಯ ತಿಂಗಳು) ಶುರುವಾಗುವ ಮೊದಲು ಪುಸ್ತಕ ತಂದುಕೊಟ್ಟರೆ ಎರಡು ಮನೆಯದ್ದೂ ಮಾಡಿಕೊಡುತ್ತೇನೆ. ಮೂಲ ಪುಟದ ಚಿತ್ರಗಳನ್ನು ಯಾರು ಕೇಳಿದರೂ ಕೊಡುತ್ತೇವೆ ಅಂತ ಮೊದಲೇ ಒಪ್ಪಿಕೊಳ್ಳೋಣ.